ವಾಷಿಂಗ್ ಮಷಿನ್ ತೆರೆಯ ಮೇಲೆ ಬರುವ ‘ಐಇ’, ‘ಓಇ’, ‘ಎಲ್‌ಇ’ ಕೋಡ್‌ಗಳ ಅರ್ಥ ಏನು? ‘ಪ್ಲಗ್ ತೆಗೆದು ಹಾಕಿದರೆ ಎಲ್ಲ ಸರಿ’ ಎಂಬ ಫಾರ್ವರ್ಡ್ ಎಷ್ಟು ನಿಜ?

ಯಲಹಂಕ ಉಪನಗರ, ಅಟ್ಟೂರು, ಕೋಗಿಲು, ಜಕ್ಕೂರು ಕಡೆಯ ಯಾವುದೇ ಅಪಾರ್ಟ್‌ಮೆಂಟ್ ಅಥವಾ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಆಗಾಗ ಬರುತ್ತದೆ: ‘ಮಷಿನ್ ಮಧ್ಯದಲ್ಲೇ ನಿಂತಿದೆ, ಏನೋ ಅಕ್ಷರ ತೋರಿಸ್ತಿದೆ, ಏನ್ ಮಾಡ್ಬೇಕು?’ ಜೊತೆಗೆ ತೆರೆಯ ಫೋಟೋ. ಐದು ನಿಮಿಷದಲ್ಲಿ ಹತ್ತು ಉತ್ತರ ಬರುತ್ತವೆ. ಯಾರೋ ‘ಎಲ್ಲಾ ಕಂಪನಿಗಳ ಎರರ್ ಕೋಡ್ ಪಟ್ಟಿ’ ಎಂಬ ಚಿತ್ರ ಹಾಕುತ್ತಾರೆ. ಇನ್ಯಾರೋ ಪ್ಲಗ್ ತೆಗೆದು ಹತ್ತು ನಿಮಿಷ ಬಿಡಿ ಎನ್ನುತ್ತಾರೆ. ವಿನೆಗರ್ ಮತ್ತು ಅಡುಗೆ ಸೋಡಾ ಹಾಕಿ ಓಡಿಸಿ ಎನ್ನುವವರೂ ಇದ್ದಾರೆ. ಕೊನೆಗೆ ಒಬ್ಬರು ಅಂತರ್ಜಾಲದಲ್ಲಿ ಹುಡುಕಿದ ‘ಕಸ್ಟಮರ್ ಕೇರ್ ನಂಬರ್’ ಕಳಿಸುತ್ತಾರೆ.

ಈ ಸಲಹೆಗಳಲ್ಲಿ ಕೆಲವು ಸರಿ, ಕೆಲವು ಅರ್ಧ ಸರಿ. ಒಂದೆರಡು ಜೀವಕ್ಕೋ ಬ್ಯಾಂಕ್ ಖಾತೆಗೋ ಅಪಾಯ ತರುವಂಥವು. ಯಾವುದು ಯಾವುದು ಎಂದು ಒಂದೊಂದಾಗಿ ನೋಡೋಣ.

ಚಿಕ್ಕ ಉತ್ತರ

• ಎಲ್ಲ ಕಂಪನಿಗಳಿಗೂ ಹೊಂದುವ ಒಂದೇ ಕೋಡ್ ಪಟ್ಟಿ ಇಲ್ಲ. ಒಂದೇ ಕೋಡ್‌ಗೆ ಎರಡು ಕಂಪನಿಗಳಲ್ಲಿ ಬೇರೆ ಬೇರೆ ಅರ್ಥವಿರುತ್ತದೆ.
• ಸಾಮಾನ್ಯವಾಗಿ ಕಾಣುವ ನಾಲ್ಕು ತೊಂದರೆಗಳನ್ನು (ನೀರು ಬರುತ್ತಿಲ್ಲ, ನೀರು ಹೋಗುತ್ತಿಲ್ಲ, ಬಟ್ಟೆಯ ತೂಕ ಒಂದೇ ಕಡೆ, ಬಾಗಿಲು ಮುಚ್ಚಿಲ್ಲ) ಸ್ಕ್ರೂ ಬಿಚ್ಚದೆ ಮನೆಯಲ್ಲೇ ಸರಿಪಡಿಸಬಹುದು.
• ಪ್ಲಗ್ ತೆಗೆದು ಹಾಕುವುದು ಒಂದು ಸಲ ಮಾಡಿ ನೋಡಬಹುದಾದ ಪ್ರಯತ್ನ. ಅದು ರಿಪೇರಿ ಅಲ್ಲ.
• ಮುಟ್ಟಿದರೆ ಜುಮ್ ಎಂದರೆ, ಸುಟ್ಟ ವಾಸನೆ ಬಂದರೆ, ಅಡಿಯಿಂದ ನೀರು ಸೋರಿದರೆ, ಮನೆಯ ಸ್ವಿಚ್ ಟ್ರಿಪ್ ಆದರೆ ಮಷಿನ್ ಬಳಕೆ ನಿಲ್ಲಿಸಬೇಕು. ಅಲ್ಲಿ ಮನೆಮದ್ದು ಬೇಡ.

ಮಷಿನ್‌ಗೆ ತೊಂದರೆ ಹೇಗೆ ಗೊತ್ತಾಗುತ್ತದೆ?

ವಾಷಿಂಗ್ ಮಷಿನ್‌ನ ಒಳಗೆ ಒಂದು ಚಿಕ್ಕ ಕಂಪ್ಯೂಟರ್ ಬೋರ್ಡ್ ಇರುತ್ತದೆ. ಅದು ಏನನ್ನೂ ಕಣ್ಣಿಂದ ನೋಡುವುದಿಲ್ಲ. ಕೆಲವು ಸೆನ್ಸರ್‌ಗಳ ಮಾತು ಕೇಳುತ್ತದೆ, ಗಡಿಯಾರ ನೋಡುತ್ತದೆ, ಅಷ್ಟೇ.

ಉದಾಹರಣೆಗೆ, ನೀರು ಬಿಡುವ ವಾಲ್ವ್‌ಗೆ ಬೋರ್ಡ್ ಕರೆಂಟ್ ಕೊಡುತ್ತದೆ. ಆಮೇಲೆ ನೀರಿನ ಮಟ್ಟ ಅಳೆಯುವ ಪ್ರೆಷರ್ ಸೆನ್ಸರ್ ಏನು ಹೇಳುತ್ತದೆ ಎಂದು ಕಾಯುತ್ತದೆ. ನಿಗದಿತ ನಿಮಿಷಗಳೊಳಗೆ ಮಟ್ಟ ಏರದಿದ್ದರೆ ‘ನೀರು ಬರುತ್ತಿಲ್ಲ’ ಎಂಬ ಕೋಡ್ ತೋರಿಸಿ ನಿಲ್ಲುತ್ತದೆ. ನಲ್ಲಿ ಮುಚ್ಚಿದೆಯೋ, ಟ್ಯಾಂಕ್ ಖಾಲಿಯೋ, ಜಾಲರಿ ಕಟ್ಟಿದೆಯೋ, ವಾಲ್ವ್ ಸುಟ್ಟಿದೆಯೋ, ಇದು ಯಾವುದೂ ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಕೋಡ್ ಎಂದರೆ ಕಾಯಿಲೆಯ ಹೆಸರಲ್ಲ, ಲಕ್ಷಣ. ಜ್ವರ ಇದೆ ಎಂದು ಥರ್ಮಾಮೀಟರ್ ಹೇಳುತ್ತದೆ, ಡೆಂಗಿಯೋ ನೆಗಡಿಯೋ ಎಂದು ಹೇಳುವುದಿಲ್ಲ. ಇದೂ ಹಾಗೆಯೇ. ‘ಕೋಡ್ ಬಂದಿದೆ, ಬೋರ್ಡ್ ಹೋಗಿದೆ, ಬದಲಾಯಿಸಬೇಕು’ ಎಂದು ಯಾರಾದರೂ ಫೋನಿನಲ್ಲೇ ಹೇಳಿದರೆ ಒಪ್ಪಿಕೊಳ್ಳಬೇಡಿ.

ಅಕ್ಷರಗಳು ವಿಚಿತ್ರವಾಗಿ ಕಾಣುವುದೇಕೆ?

ಹೆಚ್ಚಿನ ಮಷಿನ್‌ಗಳ ತೆರೆಯಲ್ಲಿ ಒಂದೊಂದು ಅಂಕಿಯೂ ಏಳು ಚಿಕ್ಕ ಗೆರೆಗಳಿಂದ ಆಗಿರುತ್ತದೆ. ಹಳೆಯ ಕ್ಯಾಲ್ಕುಲೇಟರ್, ಡಿಜಿಟಲ್ ಗಡಿಯಾರಗಳಲ್ಲಿ ಇರುವುದೂ ಇದೇ. ಏಳೇ ಗೆರೆಗಳಲ್ಲಿ ಇಂಗ್ಲಿಷಿನ ಎಲ್ಲ ಅಕ್ಷರ ಬರೆಯಲು ಆಗುವುದಿಲ್ಲ. ಇಂಗ್ಲಿಷಿನ ‘ಎಸ್’ ಮತ್ತು ಅಂಕಿ 5 ಒಂದೇ ಥರ ಕಾಣುತ್ತವೆ. ‘ಓ’ ಮತ್ತು ಸೊನ್ನೆ ಒಂದೇ. ‘ಐ’ ಮತ್ತು 1 ಒಂದೇ. ದೊಡ್ಡ ‘ಡಿ’ ಬರೆದರೆ ಸೊನ್ನೆಯಂತೆ ಕಾಣುತ್ತದೆ, ಅದಕ್ಕೇ ಬಾಗಿಲಿನ ಕೋಡ್‌ನಲ್ಲಿ ಯಾವಾಗಲೂ ಸಣ್ಣ ‘ಡಿ’ ಇರುತ್ತದೆ.

ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ. ಒಬ್ಬರು ‘5ಇ’ ಎಂದು ಹುಡುಕುತ್ತಾರೆ, ಇನ್ನೊಬ್ಬರು ‘ಎಸ್‌ಇ’ ಎಂದು. ಎರಡೂ ಒಂದೇ ಕೋಡ್. ಸರ್ವೀಸ್‌ನವರಿಗೆ ಹೇಳುವಾಗ ಬಾಯಲ್ಲಿ ಹೇಳುವುದಕ್ಕಿಂತ ತೆರೆಯ ಫೋಟೋ ಕಳಿಸುವುದು ಒಳ್ಳೆಯದು.

‘ಎಲ್ಲ ಕಂಪನಿಗೂ ಒಂದೇ ಪಟ್ಟಿ’: ತಪ್ಪು

ಕಂಪನಿಗಳ ಕೈಪಿಡಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಈ ಫಾರ್ವರ್ಡ್ ಎಷ್ಟು ದಾರಿ ತಪ್ಪಿಸುತ್ತದೆ ಎಂದು ತಿಳಿಯುತ್ತದೆ. ‘ಓಇ’ ಕೋಡ್ ತೆಗೆದುಕೊಳ್ಳಿ. ಎಲ್‌ಜಿ ಮಷಿನ್‌ನಲ್ಲಿ ಅದರ ಅರ್ಥ ನೀರು ಹೊರಗೆ ಹೋಗುತ್ತಿಲ್ಲ ಎಂದು. ಸ್ಯಾಮ್‌ಸಂಗ್‌ನಲ್ಲಿ ಅದೇ ಕೋಡ್ ನೀರು ಹೆಚ್ಚಾಗಿ ತುಂಬಿದೆ ಎನ್ನುತ್ತದೆ. ‘ಎಲ್‌ಇ’ ಇನ್ನೂ ಅಪಾಯದ ಉದಾಹರಣೆ. ಎಲ್‌ಜಿಯಲ್ಲಿ ಅದು ಮೋಟರ್ ತಿರುಗುತ್ತಿಲ್ಲ ಎಂಬ ಸೂಚನೆ, ಸ್ಯಾಮ್‌ಸಂಗ್‌ನಲ್ಲಿ ನೀರು ಸೋರಿಕೆಯ ಸೂಚನೆ. ಸೋರಿಕೆ ಇರುವ ಮಷಿನ್‌ಗೆ ‘ಬಟ್ಟೆ ಕಡಿಮೆ ಮಾಡಿ ಮತ್ತೆ ಓಡಿಸಿ’ ಎಂದು ಯಾರಾದರೂ ಹೇಳಿದರೆ ಏನಾಗಬಹುದು ಯೋಚಿಸಿ.

ಸಾಮಾನ್ಯವಾಗಿ ಕಾಣುವ ಕೋಡ್‌ಗಳು ಕಂಪನಿವಾರು ಹೀಗಿವೆ. ಮಾದರಿಯಿಂದ ಮಾದರಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ, ಆದ್ದರಿಂದ ನಿಮ್ಮ ಮಷಿನ್‌ನ ಕೈಪಿಡಿಯೇ ಅಂತಿಮ.

ಎಲ್‌ಜಿ
• ಐಇ: ನೀರು ಬರುತ್ತಿಲ್ಲ
• ಓಇ: ನೀರು ಹೋಗುತ್ತಿಲ್ಲ
• ಯುಇ: ತೂಕ ಒಂದೇ ಕಡೆ
• ಡಿಇ: ಬಾಗಿಲು
• ಎಲ್‌ಇ: ಮೋಟರ್
• ಪಿಇ: ನೀರಿನ ಮಟ್ಟದ ಸೆನ್ಸರ್
• ಎಫ್‌ಇ: ನೀರು ಹೆಚ್ಚಾಗಿದೆ
• ಟಿಇ: ನೀರಿನ ತಾಪಮಾನದ ಸೆನ್ಸರ್
• ಪಿಎಫ್: ಕರೆಂಟ್ ಹೋಗಿ ಬಂದಿದೆ
• ಸಿಎಲ್: ಇದು ದೋಷವೇ ಅಲ್ಲ, ಮಕ್ಕಳ ಲಾಕ್ ಹಾಕಿದೆ ಎಂದರ್ಥ

ಸ್ಯಾಮ್‌ಸಂಗ್
• 4ಇ ಅಥವಾ 4ಸಿ: ನೀರು ಬರುತ್ತಿಲ್ಲ
• 5ಇ ಅಥವಾ 5ಸಿ: ನೀರು ಹೋಗುತ್ತಿಲ್ಲ
• ಯುಇ ಅಥವಾ ಯುಬಿ: ತೂಕ ಒಂದೇ ಕಡೆ
• ಡಿಇ ಅಥವಾ ಡಿಸಿ: ಬಾಗಿಲು
• ಎಲ್‌ಇ ಅಥವಾ ಎಲ್‌ಸಿ: ಸೋರಿಕೆ
• 3ಇ ಅಥವಾ 3ಸಿ: ಮೋಟರ್
• ಎಚ್‌ಇ ಅಥವಾ ಎಚ್‌ಸಿ: ಹೀಟರ್

ಬಾಷ್
• ಇ16: ಬಾಗಿಲು
• ಇ17: ನೀರು ಬರುತ್ತಿಲ್ಲ
• ಇ18: ನೀರು ಹೋಗುತ್ತಿಲ್ಲ
• ಇ23: ಮಷಿನ್ ಅಡಿಯ ತಟ್ಟೆಯಲ್ಲಿ ನೀರು (ಕೆಲವು ಮಾದರಿಗಳಲ್ಲಿ ‘ಇ’ ಬದಲು ‘ಎಫ್’ ಇರುತ್ತದೆ)

ಪ್ಯಾನಾಸೋನಿಕ್
• ಯು11: ನೀರು ಹೋಗುತ್ತಿಲ್ಲ
• ಯು12: ಮುಚ್ಚಳ
• ಯು13: ತೂಕ ಒಂದೇ ಕಡೆ
• ಯು14: ನೀರು ಬರುತ್ತಿಲ್ಲ
• ‘ಎಚ್’ನಿಂದ ಶುರುವಾಗುವವು: ಒಳಗಿನ ದೋಷ, ಸರ್ವೀಸ್‌ನವರು ಬೇಕು

ಐಎಫ್‌ಬಿ
• ಹಲವು ಮಾದರಿಗಳು ‘ಟ್ಯಾಪ್’, ‘ಡೋರ್’ ಎಂಬ ಪದಗಳನ್ನೇ ತೋರಿಸುತ್ತವೆ.

ಪ್ಯಾನಾಸೋನಿಕ್‌ನ ‘ಯು’ ಮತ್ತು ‘ಎಚ್’ ವಿಂಗಡಣೆ ಯಾವ ಕಂಪನಿಯ ಮಷಿನ್ ಇದ್ದರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು. ನೀರು, ಬಟ್ಟೆ, ಬಾಗಿಲು ನಮ್ಮ ಕೈಯಲ್ಲಿವೆ. ಮೋಟರ್, ಹೀಟರ್, ಸೆನ್ಸರ್, ಬೋರ್ಡ್ ನಮ್ಮ ಕೈಯಲ್ಲಿಲ್ಲ.

1. ನೀರು ಬರುತ್ತಿಲ್ಲ: ಯಲಹಂಕದ ಮನೆಗಳಲ್ಲಿ ನೋಡಬೇಕಾದ್ದು

ಯಲಹಂಕ ಮತ್ತು ಸುತ್ತಲಿನ ಬಡಾವಣೆಗಳಲ್ಲಿ ಕಾವೇರಿ, ಕೊಳವೆಬಾವಿ, ಟ್ಯಾಂಕರ್ ಎಂಬ ಮೂರೂ ಮೂಲಗಳ ನೀರು ಬಳಕೆಯಲ್ಲಿದೆ. ಒಂದೇ ಮನೆಯ ಸಂಪಿಗೆ ಮೂರೂ ಬೀಳುವುದುಂಟು. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರುತ್ತದೆ. 2024ರ ಬೇಸಿಗೆಯಲ್ಲಿ ನಗರ ನೀರಿಗಾಗಿ ಪರದಾಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾಯಿತು. 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ ಯೋಜನೆ ಅದು. ಯಲಹಂಕಕ್ಕೆ ಹೊಂದಿಕೊಂಡ ಬ್ಯಾಟರಾಯನಪುರ ಭಾಗದ ಹಳ್ಳಿಗಳೂ ಅದರಲ್ಲಿವೆ.

ಇದಕ್ಕೂ ವಾಷಿಂಗ್ ಮಷಿನ್‌ಗೂ ಏನು ಸಂಬಂಧ? ಎರಡು ಸಂಬಂಧಗಳಿವೆ.

ಮೊದಲನೆಯದು ಕೆಸರು. ಟ್ಯಾಂಕರ್ ನೀರು ಸಂಪಿಗೆ ಬಿದ್ದಾಗ ತಳದ ಮರಳು, ಮಣ್ಣು ಕದಡುತ್ತದೆ. ಅದು ಮೇಲಿನ ಟ್ಯಾಂಕ್‌ಗೆ ಏರಿ ಅಲ್ಲಿಂದ ಮಷಿನ್‌ನ ಹಿಂಬದಿಯ ಪೈಪಿಗೆ ಬರುತ್ತದೆ. ಪೈಪ್ ಮಷಿನ್‌ಗೆ ಸೇರುವ ಜಾಗದಲ್ಲಿ ಒಂದು ಪುಟ್ಟ ಜಾಲರಿ ಇರುತ್ತದೆ. ಅದು ಕಟ್ಟಿದರೆ ನಲ್ಲಿಯಲ್ಲಿ ನೀರಿದ್ದರೂ ಮಷಿನ್‌ಗೆ ಸಿಗುವುದಿಲ್ಲ.

ಎರಡನೆಯದು ಒತ್ತಡ. ಟ್ಯಾಂಕ್ ಎತ್ತರದಲ್ಲಿ ಇದ್ದಷ್ಟೂ ಒತ್ತಡ ಹೆಚ್ಚು. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಎಂಬುದು ಲೆಕ್ಕ. ಅನೇಕ ಫ್ರಂಟ್ ಲೋಡ್ ಮಷಿನ್‌ಗಳಿಗೆ ಕನಿಷ್ಠ 0.3ರಿಂದ 0.5 ಬಾರ್ ಬೇಕು, ಅಂದರೆ ಟ್ಯಾಂಕ್‌ನ ನೀರು ನಲ್ಲಿಗಿಂತ 3ರಿಂದ 5 ಮೀಟರ್ ಮೇಲಿರಬೇಕು. ನೆಲಮಹಡಿಯ ಮನೆಗೆ ಇದು ಸುಲಭ. ಟ್ಯಾಂಕ್‌ನ ನೇರ ಕೆಳಗಿರುವ ಕೊನೆಯ ಮಹಡಿಗೆ ಕಷ್ಟ. ‘ಕೆಳಗಿನ ಮನೆಯಲ್ಲಿ ಇದೇ ಮಷಿನ್ ಚೆನ್ನಾಗಿ ಓಡುತ್ತೆ, ನಮ್ಮದೇ ಹೀಗೆ’ ಎಂಬ ದೂರಿಗೆ ಎಷ್ಟೋ ಸಲ ಉತ್ತರ ಇಷ್ಟೇ: ದೋಷ ಮಷಿನ್‌ನಲ್ಲಿಲ್ಲ, ಟ್ಯಾಂಕ್‌ನ ಎತ್ತರದಲ್ಲಿದೆ.

ಏನು ಮಾಡಬೇಕು?
• ಮಷಿನ್‌ನ ನಲ್ಲಿ ಪೂರ್ತಿ ತೆರೆದಿದೆಯೇ, ಪೈಪ್ ಮಡಚಿದೆಯೇ ನೋಡಿ.
• ಪ್ಲಗ್ ತೆಗೆಯಿರಿ, ನಲ್ಲಿ ಮುಚ್ಚಿ, ಪೈಪ್ ಬಿಚ್ಚಿ. ಜಾಲರಿಯನ್ನು ಇಕ್ಕಳದಿಂದ ಮೆಲ್ಲಗೆ ಎಳೆದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಮತ್ತೆ ಹಾಕಿ. ಜಾಲರಿ ಬಿಸಾಡಬೇಡಿ, ಅದಿಲ್ಲದಿದ್ದರೆ ಮರಳು ನೇರ ವಾಲ್ವ್‌ಗೆ ಹೋಗುತ್ತದೆ.
• ಪೈಪ್ ಬಿಚ್ಚಿದಾಗಲೇ ನಲ್ಲಿಯನ್ನು ಬಕೆಟ್‌ಗೆ ಬಿಟ್ಟು ನೋಡಿ. ನೀರು ದಾರದಂತೆ ಬಂದರೆ ತೊಂದರೆ ಮನೆಯ ಕೊಳಾಯಿ ಸಾಲಿನಲ್ಲಿದೆ. ಟ್ಯಾಂಕ್ ಎತ್ತರ ಸಾಲದಿದ್ದರೆ ಪ್ಲಂಬರ್ ಬಳಿ ಚಿಕ್ಕ ಪ್ರೆಷರ್ ಪಂಪ್ ಬಗ್ಗೆ ಕೇಳಿ.
• ಸೋಲಾರ್ ಬಿಸಿನೀರಿನ ಪೈಪನ್ನು ತಣ್ಣೀರಿನ ಕಡೆಗೆ ಜೋಡಿಸಿದ್ದರೂ ಕೆಲವು ಮಾದರಿಗಳು ಕೋಡ್ ತೋರಿಸುತ್ತವೆ. ಜೋಡಣೆ ಒಮ್ಮೆ ನೋಡಿ.

ಇಷ್ಟೆಲ್ಲ ಸರಿಯಿದ್ದೂ ನೀರು ಬರದಿದ್ದರೆ ಆಗ ವಾಲ್ವ್ ಬಗ್ಗೆ ಅನುಮಾನಪಡಬಹುದು. ಅದು ಸರ್ವೀಸ್‌ನವರ ಕೆಲಸ.

2. ನೀರು ಹೋಗುತ್ತಿಲ್ಲ

ಫ್ರಂಟ್ ಲೋಡ್ ಮಷಿನ್‌ನ ಮುಂಭಾಗದಲ್ಲಿ, ಕೆಳಗೆ ಮೂಲೆಯಲ್ಲಿ, ಒಂದು ಚಿಕ್ಕ ಮುಚ್ಚಳ ಇರುತ್ತದೆ. ಅದರ ಹಿಂದೆ ಪಂಪ್‌ನ ಫಿಲ್ಟರ್. ನಾಣ್ಯ, ಹೇರ್‌ಪಿನ್, ಗುಂಡಿ, ಮಕ್ಕಳ ಸಾಕ್ಸ್, ಜೇಬಿನಲ್ಲಿ ಉಳಿದ ಬಸ್ ಟಿಕೆಟ್‌ನ ಮುದ್ದೆ, ಎಲ್ಲ ಸೇರುವುದು ಅಲ್ಲೇ.

ಬಿಸಿನೀರಿನಲ್ಲಿ ಒಗೆಯುತ್ತಿದ್ದರೆ ಮೊದಲು ತಣ್ಣಗಾಗಲು ಬಿಡಿ. ಪ್ಲಗ್ ತೆಗೆಯಿರಿ. ಅಗಲವಾದ ತಟ್ಟೆ ಇಟ್ಟು, ಪಕ್ಕದಲ್ಲಿ ಚಿಕ್ಕ ಪೈಪ್ ಇದ್ದರೆ ಅದರಿಂದ ನೀರು ಇಳಿಸಿ, ನಂತರ ಫಿಲ್ಟರನ್ನು ನಿಧಾನವಾಗಿ ತಿರುಗಿಸಿ. ಒಮ್ಮೆಗೇ ಬಿಚ್ಚಿದರೆ ಡ್ರಮ್‌ನ ನೀರೆಲ್ಲ ನೆಲಕ್ಕೆ ಬರುತ್ತದೆ. ಮತ್ತೆ ಹಾಕುವಾಗ ಬಿಗಿಯಾಗಿ ಕೂತಿದೆಯೇ ನೋಡಿ.

ಹಿಂಬದಿಯ ಡ್ರೈನ್ ಪೈಪನ್ನೂ ಪರೀಕ್ಷಿಸಿ. ಮಷಿನ್ ಗೋಡೆಗೆ ಒತ್ತಿಕೊಂಡಿದ್ದರೆ ಪೈಪ್ ಮಡಚಿರುತ್ತದೆ. ಪೈಪ್‌ನ ತುದಿ ಮೋರಿಯ ನೀರಿನಲ್ಲಿ ಮುಳುಗಿರಬಾರದು. ತೀರಾ ಕೆಳಗಿದ್ದರೆ ಮಷಿನ್ ತುಂಬುವಾಗಲೇ ನೀರು ತಾನಾಗಿ ಹರಿದುಹೋಗುತ್ತದೆ, ಆಗ ‘ನೀರು ಬರುತ್ತಿಲ್ಲ’ ಎಂಬ ಕೋಡ್ ಬಂದು ನಿಮ್ಮನ್ನು ತಪ್ಪು ಕಡೆ ಹುಡುಕಿಸುತ್ತದೆ.

3. ತೂಕ ಒಂದೇ ಕಡೆ

ಒಂದೇ ದಪ್ಪ ಹೊದಿಕೆ, ಒಂದೇ ಜೀನ್ಸ್ ಹಾಕಿದರೆ ಅದು ನೀರು ಹೀರಿಕೊಂಡು ಡ್ರಮ್‌ನ ಒಂದು ಬದಿಗೆ ಅಂಟಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಜೋರಾಗಿ ತಿರುಗಿದರೆ ಮಷಿನ್ ಜಿಗಿಯುತ್ತದೆ. ಅದನ್ನು ತಡೆಯಲು ಬೋರ್ಡ್ ತಿರುಗಿಸುವುದನ್ನೇ ನಿಲ್ಲಿಸುತ್ತದೆ. ಬಟ್ಟೆ ಬಿಡಿಸಿ ಹರಡಿ, ಜೊತೆಗೆ ಒಂದೆರಡು ಟವೆಲ್ ಹಾಕಿ. ಮಷಿನ್‌ನ ನಾಲ್ಕು ಕಾಲೂ ನೆಲ ಮುಟ್ಟಿವೆಯೇ ಎಂದು ಮೂಲೆ ಒತ್ತಿ ನೋಡಿ.

ಹೊಸ ಮಷಿನ್, ಅಥವಾ ಮನೆ ಬದಲಾಯಿಸಿದ ಮೇಲೆ ವಿಪರೀತ ಅಲುಗಾಡಿದರೆ ಹಿಂಬದಿ ನೋಡಿ. ಸಾಗಣೆಗಾಗಿ ಹಾಕಿದ ಬೋಲ್ಟ್‌ಗಳು ಹಾಗೇ ಉಳಿದಿರಬಹುದು. ಅವು ಇದ್ದಾಗ ಮಷಿನ್ ಓಡಿಸಬಾರದು.

4. ಬಾಗಿಲು

ರಬ್ಬರ್ ಅಂಚಿನಲ್ಲಿ ಬಟ್ಟೆಯ ತುದಿ ಸಿಕ್ಕಿದ್ದರೆ ತೆಗೆಯಿರಿ, ಲಾಕ್‌ನ ಕಿಂಡಿ ಒರೆಸಿ, ‘ಟಕ್’ ಎನ್ನುವವರೆಗೆ ಒತ್ತಿ. ಒಗೆತ ಮುಗಿದ ತಕ್ಷಣ ಬಾಗಿಲು ತೆರೆಯದಿದ್ದರೆ ಗಾಬರಿ ಬೇಡ. ಅನೇಕ ಮಷಿನ್‌ಗಳಲ್ಲಿ ಲಾಕ್ ಬಿಡಲು ಒಂದೆರಡು ನಿಮಿಷ ಬೇಕು. ಎಳೆದರೆ ಹಿಡಿ ಮುರಿಯುತ್ತದೆ.

ಲಾಕ್‌ನ ವೈರ್‌ಗಳನ್ನು ನೇರ ಜೋಡಿಸಿ ‘ಬೈಪಾಸ್’ ಮಾಡುವುದನ್ನು ತೋರಿಸುವ ವಿಡಿಯೋಗಳು ಹರಿದಾಡುತ್ತವೆ. ಇದನ್ನು ಖಂಡಿತ ಮಾಡಬೇಡಿ. ಡ್ರಮ್ ನಿಮಿಷಕ್ಕೆ 1000ಕ್ಕೂ ಹೆಚ್ಚು ಸುತ್ತು ತಿರುಗುತ್ತಿರುವಾಗ ಮಗುವಿನ ಕೈ ಒಳಗೆ ಹೋಗದಂತೆ ಕಾಯುವುದು ಆ ಲಾಕ್ ಒಂದೇ.

ಕರೆಂಟ್ ಏರಿಳಿತದ ಕೋಡ್

ನಮ್ಮ ಮನೆಗಳಿಗೆ ಬರಬೇಕಾದ್ದು 230 ವೋಲ್ಟ್, 50 ಹರ್ಟ್ಜ್. ವೋಲ್ಟೇಜ್ ತೀರಾ ಇಳಿದರೂ ಏರಿದರೂ ಬೋರ್ಡ್ ಕೆಲಸ ನಿಲ್ಲಿಸುತ್ತದೆ. ಸ್ಯಾಮ್‌ಸಂಗ್‌ನಲ್ಲಿ ‘9ಸಿ’ಯಿಂದ ಶುರುವಾಗುವ ಕೋಡ್‌ಗಳು ಈ ಗುಂಪಿನವು. ಇಂಥ ಕೋಡ್ ಬಂದಾಗ ಮನೆಯ ಬೇರೆ ದೀಪಗಳನ್ನು ನೋಡಿ. ಎಲ್ಲವೂ ಮಂಕಾಗಿದ್ದರೆ ತೊಂದರೆ ಬೀದಿಯ ಲೈನಿನಲ್ಲಿದೆ.

ಕೆಲವು ದೀಪ ಮಂಕು, ಕೆಲವು ವಿಪರೀತ ಪ್ರಕಾಶ, ಹೀಗೆ ಕಂಡರೆ ಅದು ನ್ಯೂಟ್ರಲ್ ವೈರ್ ಸಡಿಲವಾಗಿರುವ ಲಕ್ಷಣ. ಮೂರು ಫೇಸ್ ಸಂಪರ್ಕ ಇರುವ ಕಟ್ಟಡಗಳಲ್ಲಿ ನ್ಯೂಟ್ರಲ್ ಕಡಿದರೆ ಕೆಲವು ಮನೆಗಳಿಗೆ 230ರ ಬದಲು 400 ವೋಲ್ಟ್‌ನ ಹತ್ತಿರಕ್ಕೆ ಬರಬಹುದು. ಮೇನ್ ಸ್ವಿಚ್ ಆರಿಸಿ, ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಹೊತ್ತಿಗೆ ಪ್ಲಗ್ ತೆಗೆದಿಡುವುದು ಎಲ್ಲಕ್ಕಿಂತ ಅಗ್ಗದ ರಕ್ಷಣೆ.

‘ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತೆ, ಅದು ಮಾಮೂಲಿ’: ತಪ್ಪು, ಅಪಾಯ

ಈ ಲೇಖನದಲ್ಲಿ ಒಂದೇ ಒಂದು ಭಾಗ ಓದಲು ಸಮಯವಿದ್ದರೆ ಇದನ್ನು ಓದಿ. ಯಾಕೆಂದರೆ ಇದಕ್ಕೆ ತೆರೆಯ ಮೇಲೆ ಯಾವ ಕೋಡೂ ಬರುವುದಿಲ್ಲ.

ಮಷಿನ್‌ನ ಒಳಗೆ ವಿದ್ಯುತ್ ಗದ್ದಲ ತಡೆಯುವ ಒಂದು ಫಿಲ್ಟರ್ ಇರುತ್ತದೆ. ಅದರಿಂದ ಅತಿ ಸಣ್ಣ ಪ್ರಮಾಣದ ಕರೆಂಟ್ ಸದಾ ಅರ್ಥ್ ವೈರ್‌ಗೆ ಹೋಗುತ್ತದೆ. ಅರ್ಥ್ ಸರಿಯಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಜುಮ್ ಎನ್ನುತ್ತಿದೆ ಎಂದರೆ ಆ ಕರೆಂಟ್‌ಗೆ ಹೋಗಲು ದಾರಿಯಿಲ್ಲ, ನಿಮ್ಮ ಮೈಯೇ ದಾರಿಯಾಗಿದೆ. ಇವತ್ತು ಜುಮ್ ಅಷ್ಟೇ. ನಾಳೆ ಹೀಟರ್‌ನ ಕವಚ ಒಡೆದರೆ, ಒಳಗಿನ ವೈರನ್ನು ಇಲಿ ಕಡಿದರೆ, ಪೂರ್ತಿ 230 ವೋಲ್ಟ್ ಮಷಿನ್‌ನ ಮೈಗೆ ಬರುತ್ತದೆ. ಒದ್ದೆ ನೆಲ, ಬರಿಗಾಲು, ಒದ್ದೆ ಕೈ. ಬಟ್ಟೆ ಒಗೆಯುವ ಜಾಗದಲ್ಲಿ ಮೂರೂ ಇರುತ್ತವೆ.

ಹಾಗಾಗಿ:
• ಮೂರು ಪಿನ್‌ನ ಪ್ಲಗ್‌ನಲ್ಲಿ ಉದ್ದವಾದ, ದಪ್ಪನೆಯ ಪಿನ್ ಅರ್ಥ್‌ನದು. ಅದನ್ನು ಕತ್ತರಿಸುವುದು, ಎರಡು ಪಿನ್‌ನ ಅಡಾಪ್ಟರ್‌ಗೆ ಹಾಕುವುದು ಬೇಡ.
• ಸಾಕೆಟ್‌ನಲ್ಲಿ ಮೂರು ತೂತು ಇದೆ ಎಂದ ಮಾತ್ರಕ್ಕೆ ಅರ್ಥ್ ಇದೆ ಎಂದಲ್ಲ. ಹಿಂದೆ ವೈರ್ ಸೇರಿಸಿರಬೇಕು, ಕೆಳಗೆ ಗುಂಡಿಯಲ್ಲಿ ಕೆಲಸ ಮಾಡಬೇಕು. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅರ್ಥ್ ಗುಂಡಿ ದುರ್ಬಲವಾಗುತ್ತದೆ. ಎಲೆಕ್ಟ್ರಿಷಿಯನ್‌ನಿಂದ ಅಳೆಸಿ.
• ಹೀಟರ್ ಇರುವ ಮಷಿನ್ ಸುಮಾರು 2000 ವ್ಯಾಟ್ ಎಳೆಯುತ್ತದೆ, ಅಂದರೆ 9 ಆಂಪಿಯರ್‌ನಷ್ಟು. ಇದಕ್ಕೆ 16 ಆಂಪಿಯರ್ ಸಾಕೆಟ್ ಬೇಕು. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಎಕ್ಸ್‌ಟೆನ್ಶನ್ ಬೋರ್ಡ್‌ನಲ್ಲಿ ಹಾಕಿದರೆ ವೈರ್ ಕರಗುತ್ತದೆ.
• ಮನೆಯ ಡಿಬಿ ಪೆಟ್ಟಿಗೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ನೋಡಿ. ಕರೆಂಟ್ ಸೋರಿದ ಕ್ಷಣಾರ್ಧದಲ್ಲಿ ಅದು ಕಡಿತ ಮಾಡುತ್ತದೆ. ಸಾಮಾನ್ಯ ಎಂಸಿಬಿ ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್‌ಗಳನ್ನಷ್ಟೇ ತಡೆಯುತ್ತದೆ, ಮನುಷ್ಯರನ್ನು ಶಾಕ್‌ನಿಂದ ಉಳಿಸುವುದು ಆರ್‌ಸಿಸಿಬಿ.
• ಒಗೆಯುವಾಗ ಆರ್‌ಸಿಸಿಬಿ ಟ್ರಿಪ್ ಆದರೆ ಅದನ್ನು ‘ಕೆಟ್ಟಿದೆ’ ಎಂದು ತೆಗೆಸಬೇಡಿ. ಅದು ತನ್ನ ಕೆಲಸ ಮಾಡಿದೆ. ನೀರು ಬಿಸಿಯಾಗುವ ಹಂತದಲ್ಲೇ ಟ್ರಿಪ್ ಆಗುತ್ತಿದ್ದರೆ ಹೀಟರ್ ಮೇಲೆ ಮೊದಲ ಅನುಮಾನ.

‘ವಿನೆಗರ್ ಮತ್ತು ಅಡುಗೆ ಸೋಡಾ ಹಾಕಿದರೆ ಹೀಟರ್ ಕೋಡ್ ಹೋಗುತ್ತೆ’: ಅರ್ಧ ಸತ್ಯ

ಕೊಳವೆಬಾವಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಾಗಿ ಇರುತ್ತವೆ. ಇದನ್ನೇ ಗಡಸು ನೀರು ಎನ್ನುತ್ತೇವೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನದವರೆಗೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಇಂಥ ನೀರನ್ನು ಬಿಸಿ ಮಾಡಿದಾಗ ಬಿಳಿ ಪದರ ಕೂರುತ್ತದೆ. ಗೀಸರ್‌ನಲ್ಲಿ, ನೀರು ಕಾಯಿಸುವ ಪಾತ್ರೆಯಲ್ಲಿ ಕಾಣುವುದು ಇದೇ. ಹೀಟರ್ ಮೇಲೆ ಪದರ ಕೂತರೆ ಶಾಖ ನೀರಿಗೆ ಹೋಗದೆ ಹೀಟರನ್ನೇ ಸುಡುತ್ತದೆ.

ಪದರ ಕರಗಿಸುವುದು ಆಮ್ಲ. ಅಡುಗೆ ಸೋಡಾ ಪ್ರತ್ಯಾಮ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಬುರುಬುರು ನೊರೆ ಬರುತ್ತದೆ, ನೋಡಲು ಚೆಂದ. ಆದರೆ ಅವು ಒಂದನ್ನೊಂದು ನಿಷ್ಕ್ರಿಯ ಮಾಡಿಕೊಂಡು ಪದರ ಹಾಗೇ ಉಳಿಯುತ್ತದೆ. ಕಂಪನಿ ಹೇಳಿದ ಡೀಸ್ಕೇಲಿಂಗ್ ಪುಡಿಯನ್ನು ಹೇಳಿದ ಪ್ರಮಾಣದಲ್ಲಿ, ಬಟ್ಟೆಯಿಲ್ಲದೆ ಓಡಿಸುವುದೇ ಸರಿಯಾದ ಕ್ರಮ. ಆಗಲೇ ಸುಟ್ಟ ಹೀಟರನ್ನು ಯಾವ ಪುಡಿಯೂ ಬದುಕಿಸುವುದಿಲ್ಲ.

ಒಂದು ಎಚ್ಚರಿಕೆ: ಬ್ಲೀಚ್ ಜೊತೆ ವಿನೆಗರ್, ನಿಂಬೆಹುಳಿ ಅಥವಾ ಯಾವುದೇ ಆಮ್ಲ ಸೇರಿಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಕಿಟಕಿಯಿಲ್ಲದ ಯುಟಿಲಿಟಿಯಲ್ಲಿ ಇದು ಗಂಭೀರ ಅಪಾಯ.

‘ಪ್ಲಗ್ ತೆಗೆದು ಹತ್ತು ನಿಮಿಷ ಬಿಟ್ಟರೆ ಎಲ್ಲ ಸರಿ’: ಭಾಗಶಃ ನಿಜ

ಕರೆಂಟ್ ಏರಿಳಿತದಿಂದ ಬೋರ್ಡ್ ಗೊಂದಲಕ್ಕೆ ಬಿದ್ದಿದ್ದರೆ, ಪೂರ್ತಿ ಆರಿಸಿ ಹಾಕಿದಾಗ ಅದು ಹೊಸದಾಗಿ ಶುರುವಾಗುತ್ತದೆ. ಒಂದು ಸಲ ಹೀಗೆ ಮಾಡುವುದರಲ್ಲಿ ತಪ್ಪಿಲ್ಲ. ಕಾರಣ ಉಳಿದಿದ್ದರೆ ಕೋಡ್ ಮತ್ತೆ ಬಂದೇ ಬರುತ್ತದೆ. ಸೋರಿಕೆ, ಮೋಟರ್, ಹೀಟರ್ ಕೋಡ್‌ಗಳನ್ನು ಮತ್ತೆ ಮತ್ತೆ ಹೀಗೆ ಅಳಿಸಿ ಓಡಿಸಿದರೆ ಮಷಿನ್ ಕೊಟ್ಟ ಎಚ್ಚರಿಕೆಯನ್ನು ನಾವೇ ಒರೆಸಿ ಹಾಕಿದಂತೆ.

ಪ್ಲಗ್ ತೆಗೆದ ತಕ್ಷಣ ಹಿಂಬದಿಯ ಫಲಕ ಬಿಚ್ಚುವುದೂ ಅಪಾಯ. ಇನ್ವರ್ಟರ್ ಮೋಟರ್ ಇರುವ ಮಷಿನ್‌ಗಳ ಬೋರ್ಡ್‌ನಲ್ಲಿ 300 ವೋಲ್ಟ್‌ಗಿಂತ ಹೆಚ್ಚಿನ ವಿದ್ಯುತ್ ಸ್ವಲ್ಪ ಹೊತ್ತು ಉಳಿದಿರಬಹುದು. ತಂತ್ರಜ್ಞರು ಅದನ್ನು ಅಳೆದ ಮೇಲೆಯೇ ಕೈ ಹಾಕುತ್ತಾರೆ.

ಮಳೆನೀರು ನುಗ್ಗಿದ ಮನೆಗಳಲ್ಲಿ

2021ರ ನವೆಂಬರ್ ಮತ್ತು 2024ರ ಅಕ್ಟೋಬರ್‌ನಲ್ಲಿ ಯಲಹಂಕ ಕೆರೆಯ ಬಳಿಯ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಜಲಾವೃತವಾಗಿದ್ದು, ನಿವಾಸಿಗಳನ್ನು ದೋಣಿಯಲ್ಲಿ ಕರೆತಂದಿದ್ದು ಹಲವರಿಗೆ ನೆನಪಿರಬಹುದು. ಇಂಥ ಸಂದರ್ಭದ ನಂತರ ‘ಬಿಸಿಲಲ್ಲಿ ಒಣಗಿಸಿ ಹಾಕಿ, ಓಡುತ್ತೆ’ ಎಂಬ ಸಲಹೆ ಹರಿದಾಡುತ್ತದೆ.

ಮಷಿನ್‌ನ ಪಂಪ್, ಮೋಟರ್, ಹೀಟರ್ ಸಂಪರ್ಕಗಳು ಕೆಳಭಾಗದಲ್ಲೇ ಇರುತ್ತವೆ. ಹೊರಗೆ ಒಣಗಿದರೂ ಸಂಪರ್ಕಗಳ ನಡುವೆ ಕೆಸರು, ತೇವ ಉಳಿದಿರುತ್ತದೆ. ನೆಲದಲ್ಲಿ ನೀರು ನಿಂತಿರುವಾಗ ಪ್ಲಗ್ ತೆಗೆಯಲು ಹೋಗಬೇಡಿ. ಒಣ ಜಾಗದಲ್ಲಿ ನಿಂತು ಮೇನ್ ಸ್ವಿಚ್ ಆರಿಸಿ, ಅದು ಸಾಧ್ಯವಿಲ್ಲದಿದ್ದರೆ 1912ಕ್ಕೆ ಹೇಳಿ ಲೈನ್ ಕಡಿತ ಮಾಡಿಸಿ. ತಂತ್ರಜ್ಞರು ಇನ್ಸುಲೇಷನ್ ಪರೀಕ್ಷೆ ಮಾಡಿದ ಮೇಲೆ ಮಾತ್ರ ಮಷಿನ್ ಹಾಕಬೇಕು.

ಕಸ್ಟಮರ್ ಕೇರ್ ನಂಬರ್: ಇದು ಬೇರೆಯದೇ ಬಲೆ

ಮಷಿನ್ ನಿಂತಾಗ ಬಕೆಟ್ ತುಂಬ ಒದ್ದೆ ಬಟ್ಟೆ, ತಲೆಯಲ್ಲಿ ಅವಸರ. ವಂಚಕರಿಗೆ ಬೇಕಾದ್ದು ಈ ಅವಸರವೇ. ಹೆಸರಾಂತ ಕಂಪನಿಗಳ ಹೆಸರಿನಲ್ಲಿ ನಕಲಿ ಸಹಾಯವಾಣಿ ಸಂಖ್ಯೆಗಳನ್ನು ಅಂತರ್ಜಾಲದಲ್ಲಿ ಹರಿಬಿಡುತ್ತಾರೆ. ಕರೆ ಮಾಡಿದರೆ ಕೋಡ್ ಕೇಳುತ್ತಾರೆ, ನಂಬಿಕೆ ಬರುವಂತೆ ಮಾತಾಡುತ್ತಾರೆ. ಆಮೇಲೆ ಸಣ್ಣ ‘ನೋಂದಣಿ ಶುಲ್ಕ’ದ ಲಿಂಕ್, ಅಥವಾ ಫೋನಿನ ತೆರೆ ಹಂಚಿಕೊಳ್ಳುವ ಆ್ಯಪ್. ಅಲ್ಲಿಂದ ಖಾತೆ ಖಾಲಿಯಾಗಲು ಹೆಚ್ಚು ಹೊತ್ತು ಬೇಡ.

• ಸಂಖ್ಯೆಯನ್ನು ಮಷಿನ್‌ನ ಸ್ಟಿಕರ್, ಕೈಪಿಡಿ, ವಾರಂಟಿ ಕಾರ್ಡ್ ಅಥವಾ ಕಂಪನಿಯ ಅಧಿಕೃತ ಆ್ಯಪ್‌ನಿಂದಲೇ ತೆಗೆದುಕೊಳ್ಳಿ.
• ರಿಪೇರಿ ದೂರು ದಾಖಲಿಸಲು ಓಟಿಪಿ, ಯುಪಿಐ ಪಿನ್ ಕೇಳುವ ಫೋನ್ ಕರೆಯನ್ನು ಅಲ್ಲೇ ಕಡಿತ ಮಾಡಿ. ಯುಪಿಐ ಪಿನ್ ಒತ್ತಿದರೆ ಹಣ ನಿಮ್ಮಿಂದ ಹೋಗುತ್ತದೆ, ಬರುವುದಿಲ್ಲ.
• ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.
• ವಾರಂಟಿ ಇದ್ದೂ ಕಂಪನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಹಾಗಾದರೆ ಕೋಡ್ ಬಂದಾಗ ಮಾಡಬೇಕಾದ್ದು

1. ತೆರೆಯ ಫೋಟೋ ತೆಗೆಯಿರಿ. ಯಾವ ಹಂತದಲ್ಲಿ (ತುಂಬುವಾಗ, ಒಗೆಯುವಾಗ, ಹಿಂಡುವಾಗ) ನಿಂತಿತು ಎಂದು ಗಮನಿಸಿ.
2. ವಾಸನೆ, ಹೊಗೆ, ಸೋರಿಕೆ, ಶಾಕ್, ಟ್ರಿಪ್ ಇವುಗಳಲ್ಲಿ ಒಂದಾದರೂ ಇದ್ದರೆ ಡಿಬಿಯಲ್ಲಿ ಸ್ವಿಚ್ ಆರಿಸಿ, ಅಲ್ಲಿಗೇ ನಿಲ್ಲಿಸಿ.
3. ಇಲ್ಲದಿದ್ದರೆ ನಿಮ್ಮ ಮಾದರಿಯ ಕೈಪಿಡಿಯಲ್ಲಿ ಕೋಡ್‌ನ ಅರ್ಥ ನೋಡಿ.
4. ನಲ್ಲಿ, ಜಾಲರಿ, ಫಿಲ್ಟರ್, ಡ್ರೈನ್ ಪೈಪ್, ಬಟ್ಟೆಯ ತೂಕ, ಬಾಗಿಲು, ಈ ಆರನ್ನು ಪರೀಕ್ಷಿಸಿ.
5. ಪ್ಲಗ್ ತೆಗೆದು ಹಾಕಿ, ಒಂದೇ ಸಲ.
6. ಮತ್ತೆ ಬಂದರೆ ಅಧಿಕೃತ ಸರ್ವೀಸ್‌ಗೆ ಕರೆ ಮಾಡಿ. ಬದಲಾಯಿಸಿದ ಹಳೆಯ ಭಾಗವನ್ನೂ ಬಿಲ್ಲನ್ನೂ ಕೇಳಿ ಪಡೆಯಿರಿ.

ನಿಮ್ಮ ಗುಂಪಿನಲ್ಲಿ ‘ಎಲ್ಲ ಕಂಪನಿಗಳ ಕೋಡ್ ಪಟ್ಟಿ’ ಮತ್ತೆ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಬದಲಿಗೆ ಎರಡು ಪ್ರಶ್ನೆ ಕೇಳಿ: ಯಾವ ಕಂಪನಿಯ ಯಾವ ಮಾದರಿ? ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಮೊದಲ ಪ್ರಶ್ನೆಯಿಂದ ರಿಪೇರಿಯ ಖರ್ಚು ಉಳಿಯಬಹುದು. ಎರಡನೆಯದರಿಂದ ಒಂದು ಜೀವ ಉಳಿಯಬಹುದು.